ಗಂಗವ್ವನ ಕಲ್ಲಿನ ಬಳಿ ಒಂದು ಜೊತೆ ಬೂಟು

"ರಬ್ಬರ್ ಪ್ಯಾಂಟು, ಒಂದು."

ಮಹಜರಿನಲ್ಲಿ ಬರೆದಿದ್ದದ್ದು ಅಷ್ಟೇ. ಹಾಳೆ ತಿರುಗಿಸಿ ಹಿಂದೆ ಏನಾದರೂ ಇದೆಯೇ ಎಂದು ನೋಡಿದೆ. ಪೆನ್ನು ಬರೆಯುತ್ತದೆಯೋ ಇಲ್ಲವೋ ಎಂದು ಯಾರೋ ಗೀಚಿ ನೋಡಿದ್ದರು.

"ಯಾವ ತರಹದ ಪ್ಯಾಂಟು ಸಾರ್?"

"ರಬ್ಬರ್‌ದು," ಎಂದರು ಇನ್‌ಸ್ಪೆಕ್ಟರ್ ಪಂಚಾಕ್ಷರಿ. "ಬರ್ದಿದ್ಯಲ್ಲ ಮೇಡಂ."

"ಅದರಲ್ಲಿ ಎರಡು ತರಹ ಇದೆ ಸಾರ್."

"ನಮ್ಗೆ ಒಂದೇ ತರ ಸಾಕು ಮೇಡಂ. ಮನುಷ್ಯ ಸತ್ತಿದಾನೆ, ಪ್ಯಾಂಟ್ ತಗೊಂಡು ಏನ್ಮಾಡೋಣ?"

ಗೋಡೆಯ ಗಡಿಯಾರ ಹನ್ನೊಂದೂವರೆ ತೋರಿಸುತ್ತಿತ್ತು. ನನ್ನ ತಲೆ ಬಿಸಿಯಾಗಲು ಶುರುವಾಗಿ ಆಗಲೇ ಒಂದು ಗಂಟೆ ಕಳೆದಿತ್ತು.

ನಿನ್ನೆ, ಗುರುವಾರ ಬೆಳಿಗ್ಗೆ, ಪೀಣ್ಯದ ನೀಲಧಾರಾ ರಬ್ಬರ್ ಕಾರ್ಖಾನೆಯ ಹಿಂದಿನ ಕೆರೆಯಲ್ಲಿ ಯಂಕಪ್ಪ ಎಂಬ ಕೆಲಸಗಾರ ಮುಳುಗಿ ಸತ್ತ. ತಳ್ಳಿ ಕೊಂದನೆಂದು ಅವನ ಹೆಂಡತಿಯ ತಮ್ಮ ಹನುಮೇಶನನ್ನು ಸಂಜೆಯೇ ಹಿಡಿದು ತಂದರು. ಇಂದು ನಾಲ್ಕು ಗಂಟೆಗೆ ಹನುಮೇಶನನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸುತ್ತಾರೆ. ಅಷ್ಟರೊಳಗೆ ನಾನು ಏನಾದರೂ ತೋರಿಸದಿದ್ದರೆ ಆ ಹುಡುಗ ಅಲ್ಲಿಂದ ಸೀದಾ ಜೈಲಿಗೆ ಹೋಗುತ್ತಾನೆ.

"ನೋಡಿ ಸಾರ್," ಎಂದೆ, ಮೂರನೆಯ ಸಲ. "ಇದಕ್ಕೆ ವೇಡರ್ ಅಂತಾರೆ. ಹೊರದೇಶದಲ್ಲಿ ಹೊಳೇಲಿ ನಿಂತು ಮೀನು ಹಿಡಿಯೋರು ಹಾಕ್ಕೊಳೋದು, ಆ ಕಾರ್ಖಾನೇಲಿ ಮಾಡೋದು ಇದನ್ನೇ. ಎದೆವರೆಗೂ ಬರುತ್ತೆ. ಒಂದು ತರಹದ್ದಕ್ಕೆ ಬೂಟು ಪ್ಯಾಂಟಿಗೇ ಅಂಟಿರುತ್ತೆ, ಬಿಚ್ಚಕ್ಕೆ ಆಗಲ್ಲ. ಇನ್ನೊಂದಕ್ಕೆ ತುದೀಲಿ ಕಾಲುಚೀಲ ಇರುತ್ತೆ, ಅದರ ಮೇಲೆ ಬೇರೆ ಬೂಟು ಹಾಕ್ಕೊಂಡು ಲೇಸ್ ಕಟ್ಟಬೇಕು. ಯಂಕಪ್ಪ ಹಾಕ್ಕೊಂಡಿದ್ದು ಯಾವುದು?"

ಅವರು ಡ್ರಾಯರಿನಿಂದ ಎರಡು ಫೋಟೋ ತೆಗೆದು ನನ್ನ ಮುಂದೆ ಎಸೆದರು. ದಡದಲ್ಲಿ ಮಲಗಿಸಿದ ಯಂಕಪ್ಪನ ಮೈಮೇಲೆ ಬೂಟು ಅಂಟಿದ ಪ್ಯಾಂಟು ಇತ್ತು. ಇನ್ನೊಂದು ಫೋಟೋದಲ್ಲಿ ಕೆರೆಯ ಏರಿಯ ಮೇಲೆ ಅರಿಶಿನ ಕುಂಕುಮ ಹಚ್ಚಿದ ಒಂದು ಕಲ್ಲು, ಅದರಿಂದ ಒಂದು ಮಾರು ದೂರದಲ್ಲಿ ಒಂದು ಜೊತೆ ಲೇಸ್ ಬೂಟು. ಎರಡನ್ನೂ ಜೋಡಿಸಿ ಇಟ್ಟಿದ್ದರು.

"ಈ ಬೂಟು ಯಾರದ್ದು?"

"ಅವನ್ದೇ. ಶೂ ಬಿಚ್ಚಿಟ್ಟು ಪ್ಯಾಂಟ್ ಹಾಕ್ಕೊಂಡಿದಾನೆ, ಇಳ್ದಿದಾನೆ. ಬಾಮೈದ ತಳ್ಳಿದಾನೆ. ಹಿಂದಿನ ದಿನ ಟೀ ಅಂಗ್ಡೀಲಿ ಇಬ್ರೂ ಜಗಳ ಆಡಿದ್ದು ಹತ್ತು ಜನ ನೋಡಿದಾರೆ. ಬಾಮೈದ ಕತ್ತಿನವರೆಗೂ ಒದ್ದೆಯಾಗಿ ಮೇಲೆ ಬಂದಿದ್ದನ್ನ ವಾಚ್‌ಮನ್ ನೋಡಿದಾನೆ. ಕೇಳಿದ್ರೆ ಬಾಯಿ ಬಿಡಲ್ಲ. ಇನ್ನೇನ್ ಬೇಕು?"

"ಆ ಪ್ಯಾಂಟಿನ ಬೂಟಿನೊಳಗೆ ಒಂದು ಸಲ ಕೈ ಹಾಕಿ ನೋಡ್ಬೇಕು ಸಾರ್. ಮುಳುಗಿದ್ದಾದ್ರೆ ಒಳಗೆ ಕೆಸರಿರುತ್ತೆ. ಒಂದೇ ನಿಮಿಷ."

"ಮುದ್ದೆಮಾಲು ಕೋಣೆ ಬೀಗ ಹಾಕಿದೆ. ಕೀ ನರಸಿಂಹಯ್ಯನ ಹತ್ರ ಇದೆ. ಅವನು ಬಂದೋಬಸ್ತ್‌ಗೆ ಹೋಗಿದಾನೆ."

"ಎಷ್ಟೊತ್ತಿಗೆ ಬರ್ತಾರೆ?"

"ಬಂದೋಬಸ್ತ್ ಮುಗಿದ್ ಮೇಲೆ."

ಮೂವತ್ತೊಂದು ವರ್ಷ ಸರ್ಕಾರಿ ಗಡಿಯಾರ ಕಾರ್ಖಾನೆಯ ಇನ್‌ಸ್ಪೆಕ್ಷನ್ ವಿಭಾಗದಲ್ಲಿದ್ದವಳು ನಾನು, ಸುಬ್ಬಲಕ್ಷ್ಮಿ. ಕೂದಲೆಳೆಯಷ್ಟು ವ್ಯತ್ಯಾಸ ಬಂದರೂ ಚಕ್ರವನ್ನು ಪಕ್ಕಕ್ಕೆ ಹಾಕುತ್ತಿದ್ದೆ. ಸ್ವಯಂ ನಿವೃತ್ತಿ ತೆಗೆದುಕೊಂಡು ಟಿ. ದಾಸರಹಳ್ಳಿಯ ಬೇಕರಿಯೊಂದರ ಮಹಡಿಯಲ್ಲಿ ಪತ್ತೇದಾರಿ ಕಚೇರಿ ತೆರೆದಾಗ ಕಳ್ಳರ ಜೊತೆ ಹೆಣಗಬೇಕಾದೀತು ಅಂದುಕೊಂಡಿದ್ದೆ. ಹೆಣಗುವುದೆಲ್ಲ ಬೀಗದ ಕೈ ಇಟ್ಟುಕೊಂಡವರ ಜೊತೆಗೇ ಆಗಿದೆ.

ಫೋಟೋಗಳನ್ನು ನನ್ನ ಮೊಬೈಲಿನಲ್ಲಿ ತೆಗೆದುಕೊಳ್ಳಲು ಮಾತ್ರ ಅವರು ಅಡ್ಡಿ ಮಾಡಲಿಲ್ಲ. "ಕೀ ಬಂದ್ರೆ ಒಳಗೆ ನೋಡಿ ಸಾರ್, ದಮ್ಮಯ್ಯ," ಎಂದು ಹೇಳಿ ಎದ್ದೆ. ಅವರು ಆಗಲೇ ಬೇರೆ ಫೈಲು ತೆಗೆದಿದ್ದರು.

ಹೊರಗೆ ಬೆಂಚಿನ ಮೇಲೆ ಶೇಖವ್ವ ಕೂತಿದ್ದಳು. ಸತ್ತವನ ಹೆಂಡತಿ ಅವಳೇ, ಒಳಗಿರುವವನ ಅಕ್ಕನೂ ಅವಳೇ. ನನ್ನ ಬಳಿ ಬಂದವಳೂ ಅವಳೇ. ದೇವದುರ್ಗದ ಕಡೆಯಿಂದ ಬಂದು ರಾಜಗೋಪಾಲನಗರದ ಒಂದು ಕೋಣೆಯಲ್ಲಿ ಮೂವರೂ ಆರು ವರ್ಷದಿಂದ ಇದ್ದರು. ಗಂಡ ಹೋದದ್ದಕ್ಕೆ ಅಳಲು ಅವಳಿಗೆ ಇನ್ನೂ ಪುರುಸೊತ್ತು ಸಿಕ್ಕಿರಲಿಲ್ಲ.

ನಾನು ಮೊಬೈಲು ತೋರಿಸಿದೆ. "ಇದು ನಿನ್ನ ಗಂಡನ ಶೂನಾ ಶೇಖವ್ವ?"

ಅವಳು ಕಣ್ಣು ಕಿರಿದು ಮಾಡಿ ನೋಡಿದಳು. "ಅವ್ರಿಗೆ ಶೂ ಎಲ್ಲಿವ್ರಿ ಅಕ್ಕೋರೆ? ಚಪ್ಪಲ್ ಮ್ಯಾಲೇ ಹೋಗತಿದ್ರು. ಚಪ್ಪಲ್ ಕಾರ್ಖಾನಿಯಾಗ ಅದಾವಂತ ಈಶಪ್ಪಣ್ಣ ಫೋನ್ ಮಾಡಿದ್ದ."

"ಮತ್ತೆ ಈ ಬೂಟು ಕಲ್ಲಿನ ಹತ್ತಿರ ಹೇಗೆ ಬಂತು?"

"ಅದು ಗಂಗವ್ವನ ಕಲ್ಲಲ್ರೀ? ಅಲ್ಲಿ ಕಾಲಾಗಿಂದು ಬಿಚ್ಚಲಾರದ ಅವ್ರು ನೀರಿಗೆ ಇಳಿಯಂಗಿಲ್ರಿ. ಊರಾಗ ಹಳ್ಳ ದಾಟೋದಿದ್ರೂ ಚಪ್ಪಲ್ ಕೈಯಾಗ ಹಿಡೀತಿದ್ರು. ಗಂಗವ್ವನ ಮ್ಯಾಲೆ ಕೆರ ಇಡಬಾರದಂತ. ಇಲ್ಲೂ ಹಂಗೇ ಮಾಡತೀನಿ ಅಂತ ಹೇಳತಿದ್ರು. ಸೂಪರ್‌ವೈಜರ್ ಬೈತಾನ, ಆದ್ರೂ ನಾ ಬಿಡಂಗಿಲ್ಲ ಅಂತಿದ್ರು."

ನಾನು ಮತ್ತೆ ಫೋಟೋ ನೋಡಿದೆ. ಪ್ಯಾಂಟಿಗೇ ಅಂಟಿದ ಬೂಟನ್ನು ಗಂಗವ್ವನಿಗಾಗಿ ಬಿಚ್ಚಿಡಲು ಯಾರಿಗೂ ಆಗುವುದಿಲ್ಲ. ಬಿಚ್ಚಿಡಬಹುದಾದದ್ದು ಸಾಕ್ಸಿನ ಪ್ಯಾಂಟಿನ ಮೇಲಿನ ಬೂಟು ಮಾತ್ರ. ಯಂಕಪ್ಪ ನೀರಿಗೆ ಇಳಿದದ್ದು ಸಾಕ್ಸಿನ ಪ್ಯಾಂಟಿನಲ್ಲಿ. ದಡದಲ್ಲಿ ಹೆಣವಾಗಿ ಮಲಗಿದ್ದದ್ದು ಬೂಟಿನ ಪ್ಯಾಂಟಿನಲ್ಲಿ.

ಸತ್ತ ಮೇಲೆ ಯಾರೋ ಅವನ ಬಟ್ಟೆ ಬದಲಾಯಿಸಿದ್ದರು.

ಒಳಗೆ ಓಡಿ ಹೋಗಿ ಪಂಚಾಕ್ಷರಿಯವರಿಗೆ ಹೇಳಿದೆ. ಅವರು ಫೋನಿನಲ್ಲಿದ್ದರು. ಕೈಯಲ್ಲೇ ಕಾಯಿರಿ ಎಂದರು. ಹನ್ನೆರಡು ನಿಮಿಷ ಕಾದೆ. ಕೊನೆಗೆ ಫೋನಿಟ್ಟು, "ಗಂಗವ್ವ ಸಾಕ್ಷಿ ಹೇಳ್ತಾಳಾ ಮೇಡಂ?" ಎಂದು ನಕ್ಕರು. ಪೇದೆಯೂ ನಕ್ಕ. ನನಗೆ ಅಳು ಬರುವಷ್ಟು ಸಿಟ್ಟು ಬಂತು.

ಆಟೋ ಹಿಡಿದು ಕಾರ್ಖಾನೆಗೆ ಹೊರಟೆವು. ನಡೆದರೆ ಅರ್ಧ ಗಂಟೆಯ ದಾರಿ. ಮೆಟ್ರೋ ಕಂಬಕ್ಕೆ ಕಬ್ಬಿಣ ಹೊತ್ತ ಟ್ರೈಲರ್ ತುಮಕೂರು ರಸ್ತೆಗೆ ಅಡ್ಡ ನಿಂತಿತ್ತು. ಧೂಳು ಕುಡಿಯುತ್ತಾ ಐವತ್ತು ನಿಮಿಷ ಕೂತೆವು. ಇಳಿದು ನಡೆಯೋಣವೆಂದು ಹಣ ಕೊಟ್ಟು ಇಳಿದ ಕೂಡಲೇ ಟ್ರೈಲರ್ ಪಕ್ಕಕ್ಕೆ ಸರಿದು, ನಮ್ಮ ಆಟೋ ನಮ್ಮನ್ನೇ ದಾಟಿಕೊಂಡು ಹೋಯಿತು. ಆ ದಿನ ಇದ್ದದ್ದೇ ಹಾಗೆ.

ನೀಲಧಾರಾ ರಬ್ಬರಿನ ಸೂಪರ್‌ವೈಸರ್ ಈಶಪ್ಪ ಐವತ್ತರ ಆಸುಪಾಸಿನವನು. ಸಣ್ಣ ಮೈಕಟ್ಟು, ಅಂಗಿಯ ತೋಳಿನ ತುಂಬ ಬಿಳಿ ಪೌಡರ್. ರಬ್ಬರ್ ಒಂದಕ್ಕೊಂದು ಅಂಟಿಕೊಳ್ಳದಿರಲಿ ಎಂದು ಅಲ್ಲಿ ಎಲ್ಲದಕ್ಕೂ ಆ ಪೌಡರ್ ಉದುರಿಸುತ್ತಾರೆ. ಶೇಖವ್ವನನ್ನು ಕಂಡು ಅವನು ತಲೆ ತಗ್ಗಿಸಿದ. ಅವಳು ಬಾಗಿಲ ಬಳಿಯೇ ನಿಂತಳು.

"ಎರಡೂ ತರಹದ್ದು ತಂದ್ಕೊಡಿ," ಎಂದೆ. "ಹಾಕ್ಕೊಂಡು ನೋಡ್ತೀನಿ."

"ನೀವಾ ಮೇಡಂ?"

"ಯಾಕೆ, ನನಗೆ ಕಾಲಿಲ್ವಾ?"

ಅಂದು ಚೂಡಿದಾರ್ ಹಾಕಿದ್ದದ್ದು ಪುಣ್ಯ. ಸ್ಟೂಲಿನ ಮೇಲೆ ಕೂತು ಮೊದಲು ಬೂಟಿನದರಲ್ಲಿ ಕಾಲು ಇಳಿಬಿಟ್ಟೆ. ಗಂಬೂಟಿನಂತೆ ಸರಕ್ಕನೆ ಇಳಿಯಿತು. ಎರಡು ನಿಮಿಷ ಸಾಕಾಯಿತು. ಪಾದ ಮಾತ್ರ ಒಳಗೆ ಅಲುಗಾಡುತ್ತಿತ್ತು, ಎರಡು ಹೆಜ್ಜೆಗೇ ತೊಡೆ ಸೋತಿತು. ಬಿಚ್ಚಲು ಹೋದರೆ ಬರಲಿಲ್ಲ. ಈಶಪ್ಪ ಹಿಮ್ಮಡಿ ಹಿಡಿದು ಎಳೆಯಬೇಕಾಯಿತು.

ಸಾಕ್ಸಿನದು ಮೈಗೆ ಹೊಂದಿತು, ಹಗುರವಾಗಿತ್ತು. ಆದರೆ ಅದರ ಮೇಲೆ ಬೂಟು ಹತ್ತಿಸಿ ಲೇಸ್ ಬಿಗಿಯುವಷ್ಟರಲ್ಲಿ ಏಳು ನಿಮಿಷವಾಯಿತು, ಸೊಂಟ ಹಿಡಿದುಕೊಂಡಿತು.

"ನಿಮ್ಮ ಕೆರೆಗೆ ಯಾವುದು ಒಳ್ಳೇದು ಈಶಪ್ಪನವರೇ?"

"ಬೂಟಿಂದೇ ಮೇಡಂ. ಕೆಸ್ರು ಜಾಸ್ತಿ ಇರೋ ಕಡೆ ಅದೇ. ಬೇಗ ಹಾಕೋಬೋದು, ಒಳಗೆ ಕಲ್ಲು ಮಣ್ಣು ಹೋಗಲ್ಲ. ಸಾಕ್ಸಿಂದು ದೂರ ನಡ್ಯೋರಿಗೆ. ಅದ್ರ ಮೇಲೆ ಬೂಟು ಹಾಕ್ದೆ ಇಳಿಯೋ ಹಂಗೇ ಇಲ್ಲ. ಗಾಜಿನ ಚೂರು ತಗುಲಿದ್ರೂ ಹರ್ದೋಗತ್ತೆ."

"ಪರೀಕ್ಷೆಗೆ ಕೆರೇನೇ ಯಾಕೆ? ತೊಟ್ಟಿ ಇಲ್ವಾ?"

"ಇತ್ತು ಮೇಡಂ. ಬೋರ್‌ವೆಲ್ ನಿಂತು ಎರಡು ತಿಂಗಳಾಯ್ತು. ಎದೆಮಟ್ಟ ನೀರಲ್ಲಿ ಒಬ್ಬ ಒಂದು ಗಂಟೆ ನಿಂತ್ಕೋಬೇಕು, ಎಲ್ಲಿ ಸೋರತ್ತೆ ನೋಡ್ಕೊಂಡು ಬಂದು ಹೇಳ್ಬೇಕು. ಅದೇ ಕೆಲ್ಸ. ಇನ್ನೊಬ್ಬ ದಡದಲ್ಲಿರ್ತಾನೆ, ಆಮೇಲೆ ಅವನ ಸರದಿ."

"ಗುರುವಾರ ಯಂಕಪ್ಪ ಹಾಕ್ಕೊಂಡಿದ್ದು?"

ಈಶಪ್ಪ ಗೋಡೆ ತೋರಿಸಿದ. ಆ ವಾರದ ಪಟ್ಟಿ ಅಂಟಿಸಿತ್ತು. ಗುರುವಾರದ ಎದುರು: ಯಂಕಪ್ಪ, ಬೂಟು. ಹನುಮೇಶ, ಸಾಕ್ಸ್ ಮೂರು.

"ಪಟ್ಟಿ ಪ್ರಕಾರ ಬೂಟಿಂದೇ ಮೇಡಂ."

"ಪಟ್ಟಿ ನಾನೂ ಓದಿದೆ. ನಾನು ಕೇಳಿದ್ದು ಅವನು ಹಾಕ್ಕೊಂಡಿದ್ದು ಯಾವುದು ಅಂತ."

"ಅದೇ ಅಲ್ವಾ ಮೇಡಂ..."

ಬೂಟುಗಳನ್ನಿಡುವ ರ‍್ಯಾಕಿನ ಮುಂದೆ ಹೋಗಿ ನಿಂತೆ. ಸಾಕ್ಸಿನ ಪ್ಯಾಂಟಿನ ಬೂಟುಗಳಿಗೆ ಒಂದರಿಂದ ನಾಲ್ಕರವರೆಗೆ ನಂಬರು ಬರೆದಿದ್ದರು. ಮೂರನೆಯ ಜಾಗ ಖಾಲಿ. ಅದರ ಕೆಳಗಿನ ಮೊಳೆಯಲ್ಲಿ ಮೂರನೆಯ ಪ್ಯಾಂಟೂ ಇರಲಿಲ್ಲ. ಮೊಬೈಲು ತೆಗೆದು ಗಂಗವ್ವನ ಕಲ್ಲಿನ ಫೋಟೋವನ್ನು ಅವನ ಮೂಗಿನ ಮುಂದೆ ಹಿಡಿದೆ.

"ಹೆಣಕ್ಕೆ ಪ್ಯಾಂಟು ಬದಲಾಯಿಸೋವಾಗ ಕಲ್ಲಿನ ಕಡೆ ನೋಡಕ್ಕೆ ಮರೆತ್ರಿ ಈಶಪ್ಪನವರೇ. ನಿಮ್ಮ ಮೂರನೇ ನಂಬರ್ ಬೂಟು ಅಲ್ಲೇ ಉಳೀತು."

ಅವನು ಫೋಟೋ ನೋಡಿದ, ರ‍್ಯಾಕು ನೋಡಿದ.

"ನಂಗೇನೂ ಗೊತ್ತಿಲ್ಲ ಮೇಡಂ."

"ಎರಡು ಗಂಟೆ ಆಯ್ತು. ನಾಲ್ಕಕ್ಕೆ ಹನುಮೇಶ ಕೋರ್ಟಲ್ಲಿ ನಿಲ್ತಾನೆ. ಇವಳು ನಿನ್ನೆ ಗಂಡನ್ನ ಕಳ್ಕೊಂಡ್ಳು, ಇವತ್ತು ತಮ್ಮನ್ನ ಕಳ್ಕೋತಾಳೆ. ನಿಮಗೇನೂ ಗೊತ್ತಿಲ್ಲ. ಸರಿ, ಅವಳ ಮುಖ ನೋಡಿ ಅದೇ ಮಾತು ಹೇಳಿ."

ಅವನು ನೋಡಲಿಲ್ಲ. ಶೇಖವ್ವ ತಾನೇ ಒಳಗೆ ಬಂದಳು.

"ಈಶಪ್ಪಣ್ಣ, ಖರೇ ಹೇಳಪಾ. ಹಬ್ಬಕ್ಕ ನಮ್ಮ ಮನಿಗೆ ಬಂದು ಹೋಳಿಗಿ ಉಂಡು ಹೋಗಿದಿ. ಅವ್ರು ಹೆಂಗ ಹೋದ್ರು?"

ಈಶಪ್ಪ ಸ್ಟೂಲಿನ ಮೇಲೆ ಕುಸಿದು ಕೂತ. ಪೌಡರಿನ ಕೈಯಲ್ಲೇ ಮುಖ ಒರೆಸಿಕೊಂಡ.

"ನಾನು ಕೊಂದಿಲ್ಲ ಕಣಕ್ಕ. ನನ್ನ ಮಕ್ಕಳಾಣೆ. ಹನುಮೇಶನೂ ಕೊಂದಿಲ್ಲ. ಅವನು ಟೀ ತರಕ್ಕೆ ಹೋಗಿದ್ದ. ಬಂದು ನೋಡಿದ್ರೆ ಯಂಕಪ್ಪ ಕಾಣ್ಲಿಲ್ಲ. ಹಾರಿ ಎಳ್ದಾಕಿದ. ನಾನು ಓಡಿ ಹೋಗೋಷ್ಟರಲ್ಲಿ ಪ್ರಾಣ ಹೋಗಿತ್ತು."

"ಸಾಕ್ಸಿನ ಪ್ಯಾಂಟಲ್ಲಿ?"

"ಹ್ಞೂಂ. ಟೀ ಅಂಗ್ಡೀಲಿ ಜಗಳ ಆಗಿದ್ದು ಅದಕ್ಕೇ ಮೇಡಂ. ಬೂಟಿಂದು ಹಾಕ್ಕೊಂಡ್ರೆ ಗಂಗಮ್ಮನ ಮೇಲೆ ಮೆಟ್ಟು ಇಟ್ಟಂಗೆ, ನಿಂದು ನಂಗೆ ಕೊಡು ಅಂತ ಯಂಕಪ್ಪ. ಪಟ್ಟಿ ತಪ್ಪಿದ್ರೆ ಬೈತಾರೆ ಅಂತ ಹನುಮೇಶ. ಕೊನೆಗೆ ಭಾವನ ಹಟಕ್ಕೆ ಕೊಟ್ಟ."

ಕೊಲೆಗೆ ಕಾರಣವಾದ ದ್ವೇಷ ಎಂದು ಪೊಲೀಸರು ಬರೆದುಕೊಂಡಿದ್ದ ಜಗಳ ಇದು. ಬೂಟಿನದೋ ಸಾಕ್ಸಿನದೋ ಎಂಬ ಜಗಳ. ಕೇಳಿದ್ದರೆ ಟೀ ಅಂಗಡಿಯವನೇ ಹೇಳುತ್ತಿದ್ದ. ಯಾರೂ ಕೇಳಿರಲಿಲ್ಲ.

"ಬದಲಾಯಿಸಿದ್ದು ಯಾಕೆ?"

"ಓನರ್ ಹೇಳಿದ್ರು. ವಿಷ್ಣು ಸಾರ್‌ಗೆ ಫೋನ್ ಮಾಡ್ದೆ. ಪಟ್ಟೀಲಿ ಏನಿದ್ಯೋ ಅದೇ ಹೆಣದ ಮೇಲೂ ಇರ್ಲಿ, ಬೂಟಿಲ್ದೆ ಇಳಿಸಿದ್ರು ಅಂತ ಗೊತ್ತಾದ್ರೆ ಫಾರಿನ್ ಆರ್ಡರ್ ಹೋಗತ್ತೆ, ಪೊಲೀಸ್ ಬರೋಕ್ಮುಂಚೆ ಮುಗ್ಸು ಅಂದ್ರು. ಹೆಣಕ್ಕೆ ಒಬ್ನೇ ಹಾಕಕ್ಕಾಗಲ್ಲ ಮೇಡಂ. ಹನುಮೇಶ ಹೆಗಲು ಹಿಡ್ಕೊಂಡ. ಅದಲುಬದಲು ಮಾಡ್ಕೊಂಡಿದ್ದು ನೀನು, ಬಾಯ್ಬಿಟ್ರೆ ನಿನ್ ಮೇಲೇ ಬರತ್ತೆ ಅಂತ ನಾನೇ ಹೆದರ್ಸಿದೆ."

ಶೇಖವ್ವ ಗೋಡೆಗೆ ಒರಗಿ ಕೂತಳು. ಅವಳ ತಮ್ಮ ಠಾಣೆಯಲ್ಲಿ ಏಟು ತಿಂದೂ ಬಾಯಿ ಬಿಡದಿದ್ದದ್ದು ಯಾಕೆಂದು ಈಗ ತಿಳಿಯಿತು. ಒಬ್ಬ ಮನುಷ್ಯನ ಹೆಣವನ್ನು ಪಟ್ಟಿಗೆ ಸರಿಹೊಂದಿಸಿದ್ದರು.

"ಆ ಪ್ಯಾಂಟು ಎಲ್ಲಿ?"

"ಸುಟ್ಟಾಕು ಅಂದ್ರು. ಮನಸ್ಸು ಬರ್ಲಿಲ್ಲ."

ಅವನು ಪೌಡರಿನ ಡ್ರಮ್ಮಿನೊಳಗೆ ತೋಳು ಮುಳುಗಿಸಿ ಎಳೆದು ತೆಗೆದ. ಹಸಿರು ಪ್ಯಾಂಟು, ಅದರ ತುಂಬ ಒಣಗಿದ ಕೆಸರು, ಕೆಸರಿನ ಮೇಲೆ ಪೌಡರ್. ಟೇಬಲ್ಲಿನ ಮೇಲೆ ಹರಡಿದೆ. ಮೊದಲು ಪಾದ ನೋಡಿದೆ. ಬೂಟಿಲ್ಲದೆ ಇಳಿದವನು, ಗಾಜು ತಗುಲಿರಬೇಕು ಎಂದುಕೊಂಡಿದ್ದೆ. ಕಾಲುಚೀಲ ಎರಡೂ ಇಡಿಯಾಗಿದ್ದವು. ಒಂದು ಗೀರೂ ಇರಲಿಲ್ಲ.

ಮೇಲಕ್ಕೆ ಬಂದೆ. ಮೊಣಕಾಲಿನ ಹಿಂದೆ, ಹೊಲಿಗೆಯ ಪಕ್ಕದಲ್ಲಿ ಒಂದು ಸೀಳು ಸಿಕ್ಕಿತು.

"ಹೊಲ್ಗೆ ಬಿಟ್ಟಿದೆ ಅಂದ್ಕೊಂಡ್ವಿ ಮೇಡಂ," ಎಂದ ಈಶಪ್ಪ.

ನಾನು ಇನ್ನೊಂದು ಕಾಲು ತಿರುಗಿಸಿದೆ. ಅಲ್ಲೂ ಮೊಣಕಾಲಿನ ಹಿಂದೆ, ಹೊಲಿಗೆಯ ಪಕ್ಕದಲ್ಲೇ ಸೀಳು. ಕೈಚೀಲದಿಂದ ನನ್ನ ಸ್ಟೀಲ್ ಸ್ಕೇಲು ತೆಗೆದೆ. ಬಲಗಾಲಿನದು ಅರವತ್ತೆರಡು ಮಿಲಿಮೀಟರ್. ಎಡಗಾಲಿನದೂ ಅರವತ್ತೆರಡು. ತುದಿಯಿಂದ ಎತ್ತರ ಅಳೆದೆ. ಅದೂ ಒಂದೇ.

ಹೊಲಿಗೆ ಬಿಟ್ಟರೆ ಅಳತೆ ಹಿಡಿದುಕೊಂಡು ಬಿಡುವುದಿಲ್ಲ. ದಾರಕ್ಕೆ ಏನೂ ಆಗಿರಲಿಲ್ಲ. ಪಕ್ಕದ ರಬ್ಬರನ್ನು ಬ್ಲೇಡಿನಿಂದ ಕೊಯ್ದಿದ್ದರು. ಎದೆಮಟ್ಟದ ನೀರಿನಲ್ಲಿ ಎರಡೂ ಕಾಲಿಗೆ ಒಟ್ಟಿಗೇ ನೀರು ತುಂಬುತ್ತದೆ. ಬೇರೆ ಯಾರಾದರೂ ಆಗಿದ್ದರೆ ತಣ್ಣಗೆ ತಾಗಿದ ಕೂಡಲೇ ಮೇಲೆ ಬರುತ್ತಿದ್ದರು. ಯಂಕಪ್ಪನ ಕೆಲಸವೇ ಎಲ್ಲಿ ಸೋರುತ್ತದೆ ಎಂದು ನಿಂತು ನೋಡುವುದು. ಅವನು ನಿಂತು ನೋಡಿದ. ಹೊರಡಬೇಕೆನ್ನುವಷ್ಟರಲ್ಲಿ ಕೆಸರಿನಿಂದ ಕಾಲು ಕೀಳಲಾಗದಷ್ಟು ಭಾರ ತುಂಬಿತ್ತು.

"ಇದು ಕೊಲೆನೇ," ಎಂದೆ. "ಆದರೆ..."

ನನ್ನ ಕಣ್ಣು ಮತ್ತೆ ಗೋಡೆಗೆ ಹೋಯಿತು. ಹನುಮೇಶ, ಸಾಕ್ಸ್ ಮೂರು.

ಬ್ಲೇಡು ಹಾಕಿದವನಿಗೆ ಟೀ ಅಂಗಡಿಯ ಜಗಳ ಗೊತ್ತಿರಲಿಲ್ಲ. ಗಂಗವ್ವನೂ ಗೊತ್ತಿರಲಿಲ್ಲ. ಅವನಿಗೆ ಗೊತ್ತಿದ್ದದ್ದು ಪಟ್ಟಿ ಮಾತ್ರ.

"ಈಶಪ್ಪನವರೇ, ಈ ಪಟ್ಟಿ ಬರೆದಿದ್ದು ಯಾರು?"

"ಯಾವಾಗ್ಲೂ ನಾನೇ ಮೇಡಂ. ಈ ವಾರದ್ದು ಮಾತ್ರ ವಿಷ್ಣು ಸಾರ್ ಬರೆದ್ರು."

"ಫೋನ್ ಮಾಡಿದಾಗ ಅವರು ಏನಂದ್ರು? ಮೊದಲನೇ ಮಾತು?"

ಅವನು ಹಣೆ ಉಜ್ಜಿಕೊಂಡ. "ಒಬ್ಬ ಮುಳುಗ್ಬಿಟ್ಟ ಸಾರ್ ಅಂದೆ. ಸತ್ನಾ ಅಂದ್ರು. ಹೌದು, ಯಂಕಪ್ಪ ಅಂದೆ." ಅಲ್ಲಿಗೆ ಅವನ ಕೈ ನಿಂತಿತು. "ಯಂಕಪ್ಪನಾ? ಹನುಮೇಶ ಅಲ್ವಾ? ಅಂದ್ರು."

"ಹನುಮೇಶನ ಮೇಲೆ ಅವರಿಗೆ ಏನು?"

"ಗೊತ್ತಿಲ್ಲ ಮೇಡಂ. ಹೋದ ವಾರ ಕ್ಯಾಬಿನ್‌ಗೆ ಕರೆದು ಬಾಗ್ಲು ಹಾಕ್ಕೊಂಡು ಮಾತಾಡಿದ್ರು. ಹೊರಗೆ ಬಂದೋನು ಮೂರು ದಿನ ಊಟಕ್ಕೂ ನಮ್ ಜೊತೆ ಕೂರ್ಲಿಲ್ಲ."

ಪಂಚಾಕ್ಷರಿಯವರಿಗೆ ಫೋನು ಹಚ್ಚಿದೆ. ಎಂಗೇಜ್. ಮತ್ತೆ ಹಚ್ಚಿದೆ. ಎಂಗೇಜ್. ಬೆಳಿಗ್ಗೆಯಿಂದ ನನ್ನ ಮಾತು ಕೇಳದ ಆ ಮನುಷ್ಯ ಈಗ ಒಂದು ವಿಷಯದಲ್ಲಿ ಕೇಳದಿದ್ದರೇ ಒಳ್ಳೆಯದು ಎಂದುಕೊಂಡೆ. ಹನುಮೇಶ ಇನ್ನೊಂದು ದಿನ ಒಳಗೇ ಇರಲಿ. ಕಂಬಿಯ ಹಿಂದೆ ಇರುವಷ್ಟು ಹೊತ್ತು ಅವನ ಮೈ ಮುಟ್ಟಲು ವಿಷ್ಣುವಿಗೆ ಆಗುವುದಿಲ್ಲ.

ಐದನೆಯ ಸಲಕ್ಕೆ ಸಿಕ್ಕರು. ನಾನು ಬಾಯಿ ತೆಗೆಯುವ ಮೊದಲೇ ಅವರು ಶುರುಮಾಡಿದರು.

"ಮೇಡಂ, ಒಪ್ಪಿದೆ ನಿಮ್ಮನ್ನ! ನರಸಿಂಹಯ್ಯ ಕೀ ತಂದ. ಬೂಟ್ ಒಳಗೆ ಕೈ ಹಾಕ್ದೆ. ಒಂದ್ ಚೂರು ಕೆಸ್ರಿಲ್ಲ, ಬೆರಳಿನ ಜಾಗದಲ್ಲಿ ಕಾರ್ಖಾನೆ ಪೌಡ್ರು ನೀರು ತಾಗ್ದೆ ಹಂಗೇ ಇದೆ. ಕೆರೇಲಿ ಮುಳುಗಿದ್ ಪ್ಯಾಂಟೇ ಅಲ್ಲ ಅದು. ಈ ಮಹಜರ್ ತಗೊಂಡು ಜಡ್ಜ್ ಮುಂದೆ ಹೋದ್ರೆ ನನ್ ಮಾನ ಹೋಗತ್ತೆ. ವಿಚಾರಣೆಗೆ ಕರೆಸಿದ್ವಿ ಅಂತ ಬರ್ಕೊಂಡು ಹುಡುಗನ್ನ ಬಿಟ್ಟೆ."

"ಬಿಟ್ರಾ?"

"ಕಾಲು ಗಂಟೆ ಆಯ್ತು. ಸಂತೋಷ ತಾನೆ?"

"ಎಲ್ಲಿಗೆ ಹೋದ ಸಾರ್? ಯಾರ ಜೊತೆ ಹೋದ?"

"ಅವ್ರ ಓನರ್ ಬಂದಿದ್ರಲ್ಲ, ವಿಷ್ಣು ಅಂತ. ಒಳ್ಳೆ ಮನುಷ್ಯ. ನಮ್ಮ ಹುಡುಗ, ನಾನೇ ಮನೆಗೆ ಬಿಡ್ತೀನಿ ಅಂತ ಕಾರಲ್ಲಿ ಕೂರಿಸ್ಕೊಂಡು ಹೋದ್ರು."

ನನ್ನ ಕೈಯಲ್ಲಿದ್ದ ಫೋನಿನಿಂದ ಪಂಚಾಕ್ಷರಿಯವರು ಇನ್ನೂ ಏನೋ ಹೇಳುತ್ತಿದ್ದರು. ಶೇಖವ್ವ ಎದ್ದು ನನ್ನ ಹತ್ತಿರ ಬಂದಳು. ನಾನು ಆಡಿದ್ದರಲ್ಲಿ ಅವಳು ಹಿಡಿದುಕೊಂಡದ್ದು 'ಬಿಟ್ರಾ' ಎಂಬ ಒಂದೇ ಮಾತು. ಎರಡು ದಿನದಲ್ಲಿ ಮೊದಲ ಸಲ ಅವಳ ಮುಖಕ್ಕೆ ಕಳೆ ಬಂದಿತ್ತು.

"ಬಿಟ್ರಂತೇನ್ರಿ ಅಕ್ಕೋರೆ?" ಎಂದು ನನ್ನ ಎರಡೂ ಕೈ ಹಿಡಿದುಕೊಂಡಳು. "ನನ್ನ ತಮ್ಮನ್ನ ಬಿಟ್ರಂತೇನ್ರಿ?"